ಎದುರಾಳಿ ನುಡಿದ ಸಾಕ್ಷ್ಯ, 23 ವರ್ಷ ತಡವಾದ ಪದಕ

ಮೈಸೂರಿನಿಂದ ಮಡಿಕೇರಿಗೆ ಹೊರಡುವ ಬಸ್ಸು ಹುಣಸೂರನ್ನು ದಾಟಿ, ಕಂಪಲಾಪುರವನ್ನು ಹಾಯ್ದು, ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರಗಳ ಮೂಲಕ ಬೆಟ್ಟವನ್ನೇರುತ್ತದೆ. ಕಂಪಲಾಪುರದವರಿಗೆ ಈ ಹೆದ್ದಾರಿಯೊಡನೆ ಇರುವುದು ಅನ್ನದ ಸಂಬಂಧ. ತಂಬಾಕು ಹರಾಜು ಮಾರುಕಟ್ಟೆಗೆ ಬರುವ ಬೇಲುಗಳು, ಕೊಡಗಿನ ತೋಟಗಳಿಗೆ ದುಡಿಯಲು ಹೋಗುವವರು, ಮಡಿಕೇರಿಯಲ್ಲಿ ಅಂಗಡಿ ಇಟ್ಟಿರುವ ನೆಂಟರು, ಮದುವೆ ಮರಣಗಳ ಓಡಾಟ. ಹೀಗೆ ಓಡಾಡುವವರು ಮಡಿಕೇರಿಯಲ್ಲಿ ಒಂದು ವೃತ್ತವನ್ನೂ ಒಂದು ಪ್ರತಿಮೆಯನ್ನೂ ನೋಡಿರುತ್ತಾರೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಎಂಬ ಹೆಸರನ್ನು ಓದಿಯೂ ಇರುತ್ತಾರೆ. ಅವರು ಯಾರು, ಏನು ಮಾಡಿದರು ಎಂದು ನಮ್ಮ ಮಕ್ಕಳನ್ನು ಕೇಳಿದರೆ ಉತ್ತರ ಬರುವುದಿಲ್ಲ. ಮಕ್ಕಳ ಮಾತು ಹಾಗಿರಲಿ, ಈ ದೇಶದ ರಕ್ಷಣಾ ಇಲಾಖೆಗೇ ಅದು ತಿಳಿಯಲು ಎರಡು ದಶಕಗಳು ಹಿಡಿದವು. ತಿಳಿಸಿದವರೂ ನಮ್ಮವರಲ್ಲ, ಎದುರಾಳಿಗಳು. ಈ ವಾರ ನಾವು ಓದುಗರ ಮುಂದಿಡಲು ಬಯಸಿರುವುದು ಆ ಸಂಗತಿಯನ್ನು.

ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು, ಕೊಡಗಿನಲ್ಲಿ. 1954ರಲ್ಲಿ ವಾಯುಸೇನೆಯನ್ನು ಸೇರಿದರು. 1965ರ ಯುದ್ಧ ಆರಂಭವಾದಾಗ ಅವರು ಹೊಸಬರಿಗೆ ವಿಮಾನ ಹಾರಿಸಲು ಕಲಿಸುವ ಶಿಕ್ಷಕರಾಗಿದ್ದರು. ಅಲ್ಲಿಂದ ಅವರನ್ನು ಪಂಜಾಬಿನ ಆದಂಪುರ ನೆಲೆಯಲ್ಲಿದ್ದ ಒಂದನೆಯ ಸ್ಕ್ವಾಡ್ರನ್‌ಗೆ ಕಳುಹಿಸಲಾಯಿತು. ಆ ದಳದ ಬಳಿ ಇದ್ದುದು ಫ್ರಾನ್ಸ್‌ನಲ್ಲಿ ತಯಾರಾದ ಮಿಸ್ಟೀರ್ ವಿಮಾನಗಳು. ಸೆಪ್ಟೆಂಬರ್ 6ರಂದು ಭಾರತೀಯ ಸೇನೆ ಲಾಹೋರ್ ಕಡೆಗೆ ಅಂತಾರಾಷ್ಟ್ರೀಯ ಗಡಿಯನ್ನು ದಾಟಿತು. ಅಂದೇ ಸಂಜೆ ಪಾಕ್ ವಿಮಾನಗಳು ಪಠಾಣ್‌ಕೋಟ್ ನೆಲೆಯ ಮೇಲೆ ಎರಗಿದವು. ಮರುದಿನ, ಅಂದರೆ ಸೆಪ್ಟೆಂಬರ್ 7ರ ನಸುಕಿನಲ್ಲಿ, ವಿಂಗ್ ಕಮಾಂಡರ್ ಓ.ಪಿ. ತನೇಜಾ ಅವರ ಮುಂದಾಳತ್ವದಲ್ಲಿ ಮಿಸ್ಟೀರ್‌ಗಳ ತಂಡವೊಂದು ಪಾಕ್ ವಾಯುಸೇನೆಯ ಮುಖ್ಯ ನೆಲೆಯಾದ ಸರ್ಗೋಧಾದತ್ತ ಹಾರಿತು. ಕೊಡಗಿನಲ್ಲಿ ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತ ಹಬ್ಬ ಸೆಪ್ಟೆಂಬರ್ 3ರಂದು ಬರುತ್ತದೆ. ಹಬ್ಬ ಕಳೆದು ನಾಲ್ಕೇ ದಿನವಾಗಿತ್ತು.

ದೇವಯ್ಯ ಆ ತಂಡದ ಮುಖ್ಯ ಸದಸ್ಯರಾಗಿರಲಿಲ್ಲ. ಅವರದು ಮೀಸಲು ವಿಮಾನ. ಹೊರಟವರ ಪೈಕಿ ಯಾರದಾದರೂ ವಿಮಾನ ಕೈಕೊಟ್ಟರೆ ಮಾತ್ರ ಅವರ ಸ್ಥಾನ ತುಂಬಬೇಕಾದವರು. ಆದರೂ ಅವರು ಹೋದರು. ಮರಳುವ ಹೊತ್ತಿನಲ್ಲಿ ಪಾಕ್ ವಾಯುಸೇನೆಯ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೈನ್ ಸ್ಟಾರ್‌ಫೈಟರ್ ವಿಮಾನದಲ್ಲಿ ಅವರ ಬೆನ್ನು ಹತ್ತಿದರು. ಇಲ್ಲಿ ಓದುಗರು ಒಂದು ಅಂತರವನ್ನು ಗಮನಿಸಬೇಕು. ಸ್ಟಾರ್‌ಫೈಟರ್ ಅಮೆರಿಕದಿಂದ ಬಂದ, ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ, ಗುರಿಯನ್ನು ಅರಸಿಕೊಂಡು ಹೋಗುವ ಕ್ಷಿಪಣಿಗಳನ್ನು ಹೊತ್ತ ವಿಮಾನ. ಮಿಸ್ಟೀರ್ ಸಮತಲದಲ್ಲಿ ಹಾರುವಾಗ ಶಬ್ದದ ವೇಗವನ್ನೂ ಮುಟ್ಟಲಾರದು. ಅದರ ಬಳಿ ಕಾದಾಟಕ್ಕೆ ಇದ್ದುದು ಎರಡು ಫಿರಂಗಿಗಳು. ಹುಸೈನ್ ಬಿಟ್ಟ ಕ್ಷಿಪಣಿ ಗುರಿ ತಪ್ಪಿತು. ಆಮೇಲೆ ಹಾರಿಸಿದ ಗುಂಡುಗಳು ಮಿಸ್ಟೀರ್‌ಗೆ ತಗುಲಿದವು. ಕೆಲಸ ಮುಗಿಯಿತೆಂದು ಭಾವಿಸಿದ ಹೊತ್ತಿನಲ್ಲಿಯೇ ಪೆಟ್ಟುತಿಂದ ಆ ನಿಧಾನದ ವಿಮಾನ ತಿರುಗಿ ಬಿದ್ದು, ಸ್ಟಾರ್‌ಫೈಟರನ್ನು ಕೆಳಮಟ್ಟದ ಕಾದಾಟಕ್ಕೆ ಎಳೆದುಕೊಂಡು, ತನ್ನ ಫಿರಂಗಿಗಳಿಂದ ಅದನ್ನು ಹೊಡೆದುರುಳಿಸಿತು. ಹುಸೈನ್ ವಿಮಾನದಿಂದ ಹೊರಕ್ಕೆ ಜಿಗಿದು ಬದುಕಿಕೊಂಡರು. ದೇವಯ್ಯ ಬದುಕಿ ಬರಲಿಲ್ಲ. ಅವರಿಗೆ ಆಗ 32 ವರ್ಷ.

ಈ ಕಾದಾಟವನ್ನು ಭಾರತದ ಕಡೆಯಿಂದ ಕಂಡವರು ಯಾರೂ ಇರಲಿಲ್ಲ. ತಂಡದ ಉಳಿದವರು ದಾಳಿ ಮುಗಿಸಿ ಇಂಧನದ ಲೆಕ್ಕ ಹಾಕುತ್ತ ಮನೆಯ ದಾರಿ ಹಿಡಿದಿದ್ದರು. ಆದಂಪುರದಲ್ಲಿ ವಿಮಾನಗಳನ್ನು ಎಣಿಸಿದಾಗ ಒಂದು ಕಡಿಮೆಯಿತ್ತು, ಅಷ್ಟೆ. ಕಡತದಲ್ಲಿ ಅವರು ಹೋದವರು, ಮರಳದವರು. ಎಲ್ಲಿ ಬಿದ್ದರು, ಹೇಗೆ ಬಿದ್ದರು, ಬೀಳುವ ಮುನ್ನ ಏನು ಮಾಡಿದರು ಎಂಬುದಕ್ಕೆ ಅಲ್ಲಿ ಸಾಲುಗಳಿರಲಿಲ್ಲ. ಅವರ ಪತ್ನಿ ಸುಂದರಿ ದೇವಯ್ಯನವರ ಪಾಲಿಗೆ ಉಳಿದದ್ದೂ ಅಷ್ಟೇ.

1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು 1965ರ ವೈಮಾನಿಕ ಯುದ್ಧದ ಬಗ್ಗೆ ಪುಸ್ತಕವೊಂದನ್ನು ಪ್ರಕಟಿಸಿದರು. ಪಾಕ್ ವಾಯುಸೇನೆಯ ನೆರವಿನಿಂದ, ಬಹುಮಟ್ಟಿಗೆ ಅದರ ದೃಷ್ಟಿಯಿಂದಲೇ ಬರೆದ ಪುಸ್ತಕವದು. ತಮ್ಮ ಸ್ಟಾರ್‌ಫೈಟರ್ ಒಂದನ್ನು ಮಿಸ್ಟೀರ್ ಒಂದರೊಡನೆ ನಡೆದ ಕಾದಾಟದಲ್ಲಿ ಕಳೆದುಕೊಂಡೆವು ಎಂಬ ಒಪ್ಪಿಗೆ ಅದರಲ್ಲಿತ್ತು. ಆ ಬೆಳಗಿನ ತಂಡದಲ್ಲಿ ಮರಳದ ಮಿಸ್ಟೀರ್ ದೇವಯ್ಯನವರದೊಂದೇ. ತನೇಜಾ ಅವರಿಗೆ ಲೆಕ್ಕ ಹೊಂದಿಸುವುದು ಕಷ್ಟವಾಗಲಿಲ್ಲ. ವಾಯುಸೇನೆಯ ಇತಿಹಾಸವನ್ನು ಬರೆಯುತ್ತಿದ್ದ ಏರ್ ಕಮೊಡೋರ್ ಪ್ರೀತಂ ಸಿಂಗ್ ಅವರು ಪರಿಶೀಲನೆಗೆ ತೊಡಗಿದರು, ತನೇಜಾ ಪತ್ರ ಬರೆದರು, ಕಡತಗಳು ಮತ್ತೆ ತೆರೆದವು. 1988ರಲ್ಲಿ, ಅಂದರೆ ಘಟನೆ ನಡೆದು 23 ವರ್ಷಗಳ ಬಳಿಕ, ದೇವಯ್ಯನವರಿಗೆ ಮಹಾವೀರ ಚಕ್ರ ಘೋಷಣೆಯಾಯಿತು. ಪದಕವನ್ನು ಅವರ ಪತ್ನಿ ಸ್ವೀಕರಿಸಿದರು.

ಮದ್ರಸದಲ್ಲಿ ಫಿಕ್ಹ್ ಓದಿದವರಿಗೆ ಇಲ್ಲಿ ಒಂದು ಪರಿಚಿತ ಪಾಠ ನೆನಪಾಗದಿರದು. ಒಬ್ಬನು ತನ್ನ ಪರವಾಗಿ ಹೇಳುವ ಮಾತಿಗೆ ಸಾಕ್ಷಿ ಬೇಕು. ತನ್ನ ವಿರುದ್ಧ ತಾನೇ ಹೇಳುವ ಮಾತಿಗೆ, ಇಕ್ರಾರ್ ಎನ್ನುತ್ತೇವಲ್ಲ ಅದಕ್ಕೆ, ಬೇರೆ ಸಾಕ್ಷಿ ಬೇಕಿಲ್ಲ. ದೇವಯ್ಯನವರ ಪರವಾಗಿ ನಿಂತದ್ದು ಇಂಥ ಸಾಕ್ಷ್ಯ. ಅವರ ಶೌರ್ಯವನ್ನು ನಮ್ಮವರೇ ಬಣ್ಣಿಸಿದ್ದರೆ ಸಂಶಯಿಸಲು ಎಡೆಯಿತ್ತು. ಸೋತ ಕಡೆಯವರು ತಾವು ಸೋತದ್ದು ಯಾರಿಗೆ ಎಂದು ಹೇಳಿದ ಮೇಲೆ ಸಂಶಯಕ್ಕೆ ಎಡೆಯೆಲ್ಲಿ?

ಈ ಕಥೆಯಲ್ಲಿ ನಮ್ಮನ್ನು ಹೆಚ್ಚು ಕಾಡಿದ ಒಂದು ತಿರುವು ಇನ್ನೂ ಇದೆ. ಅದೇ ಅಮ್ಜದ್ ಹುಸೈನ್ 1971ರ ಯುದ್ಧದಲ್ಲಿ ಮತ್ತೆ ಸ್ಟಾರ್‌ಫೈಟರ್ ಹಾರಿಸಿದರು. ಡಿಸೆಂಬರ್ 5ರಂದು ಅಮೃತಸರದ ಮೇಲೆ ಭಾರತದ ವಿಮಾನವಿರೋಧಿ ಫಿರಂಗಿಗಳು ಅವರ ವಿಮಾನವನ್ನು ಉರುಳಿಸಿದವು. ಅವರು ಮತ್ತೆ ಬದುಕುಳಿದರು, ಯುದ್ಧಕೈದಿಯಾಗಿ ಭಾರತದ ವಶಕ್ಕೆ ಬಂದರು. ದೇವಯ್ಯನವರ ಕೊನೆಯ ಕ್ಷಣಗಳನ್ನು ಕಣ್ಣಾರೆ ಕಂಡ ಏಕೈಕ ಮನುಷ್ಯ ನಮ್ಮ ಬೇಲಿಯೊಳಗಿದ್ದ, ನಮ್ಮ ಅನ್ನ ಉಂಡ, ತನ್ನ ದೇಶಕ್ಕೆ ಮರಳಿದ. ಆ ಸಾಕ್ಷ್ಯ ದೇವಯ್ಯನವರ ಕಡತವನ್ನು ತೆರೆಸಲು ಮಾತ್ರ 1979ರ ಪುಸ್ತಕದವರೆಗೂ ಕಾಯಬೇಕಾಯಿತು. ಶತ್ರುವಿನ ಜೊತೆ ಕುಳಿತು, ಹಿಂದಿನ ಯುದ್ಧದಲ್ಲಿ ನಮ್ಮವರಿಗೆ ಏನಾಯಿತು ಎಂದು ಕೇಳುವ ರೂಢಿ ಇಲ್ಲದಿದ್ದರೆ ನಷ್ಟ ಯಾರಿಗೆ? ಸೇನೆಗೆ ಒಂದು ಪದಕದ ಲೆಕ್ಕ ತಡವಾಗುತ್ತದೆ. ಮನೆಯಲ್ಲಿ ಕಾಯುವ ಹೆಣ್ಣಿಗೆ ಅದು ವರ್ಷಗಳ ಲೆಕ್ಕ.

ಕೊಡಗಿನ ಇನ್ನೊಂದು ಮನೆಯ ಮಗನೂ ಅದೇ ಯುದ್ಧದಲ್ಲಿ ಆಕಾಶದಿಂದ ಬಿದ್ದಿದ್ದರು. ಜನರಲ್ ಕೆ.ಎಂ. ಕಾರ್ಯಪ್ಪನವರ ಪುತ್ರ, ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ. ಸೆಪ್ಟೆಂಬರ್ 22ರಂದು ಅವರ ವಿಮಾನ ಉರುಳಿ, ಅವರು ಪಾಕ್ ಸೇನೆಯ ಕೈಗೆ ಸಿಕ್ಕಿದರು. ವಿಭಜನೆಗೆ ಮೊದಲು ತಂದೆ ಕಾರ್ಯಪ್ಪನವರ ಕೈಕೆಳಗೆ ದುಡಿದಿದ್ದ ಅಯೂಬ್ ಖಾನ್ ಆಗ ಪಾಕಿಸ್ತಾನದ ಅಧ್ಯಕ್ಷರು. ಮಗನನ್ನು ಬಿಟ್ಟು ಕಳುಹಿಸುತ್ತೇನೆಂಬ ಅವರ ಸಂದೇಶಕ್ಕೆ ತಂದೆ ಒಪ್ಪಲಿಲ್ಲ. ಸೆರೆಯಲ್ಲಿರುವ ಎಲ್ಲ ಸೈನಿಕರೂ ತಮಗೆ ಮಕ್ಕಳೇ, ಒಬ್ಬನಿಗೆ ವಿಶೇಷ ಬೇಡ ಎಂಬುದು ಅವರ ನಿಲುವಾಗಿತ್ತು. ಈ ಪ್ರಸಂಗವನ್ನು ಎಲ್ಲರೂ ಕೇಳಿದ್ದಾರೆ. ಆ ಮಗ ಮರಳಿ ಬಂದರು, ಕಥೆ ಉಳಿಯಿತು. ದೇವಯ್ಯನವರ ಕಥೆಯನ್ನು ಹೇಳಲು ದೇವಯ್ಯನವರೇ ಬರಲಿಲ್ಲ.

ಬಾರದವರ ಮನೆಗಳ ಸಂಕಟ 1971ರಲ್ಲಿ ಇನ್ನೂ ದೊಡ್ಡದಾಯಿತು. ಆ ವರ್ಷದ ಡಿಸೆಂಬರ್ 9ರ ರಾತ್ರಿ ಐ.ಎನ್.ಎಸ್. ಖುಕ್ರಿ ನೌಕೆ ಅರಬ್ಬೀ ಸಮುದ್ರದಲ್ಲಿ ಪಾಕ್ ಜಲಾಂತರ್ಗಾಮಿಯೊಂದರ ದಾಳಿಗೆ ತುತ್ತಾಯಿತು. 18 ಅಧಿಕಾರಿಗಳೂ 176 ನಾವಿಕರೂ ಮಡಿದರು. ನೌಕೆಯೊಡನೆ ತಾವೂ ಮುಳುಗಿದ ಕ್ಯಾಪ್ಟನ್ ಮುಲ್ಲಾ ಅವರ ಹೆಸರು ಕೇಳಿ ನಮ್ಮ ಅನೇಕರು ಅವರು ನಮ್ಮವರೆಂದು ಹೆಮ್ಮೆಪಡುವುದುಂಟು. ಅವರು ಕಾಶ್ಮೀರಿ ಪಂಡಿತ ಮನೆತನದವರು. ಅದರಿಂದ ಹೆಮ್ಮೆ ಕಡಿಮೆಯಾಗಬೇಕೆ ಎಂಬುದನ್ನು ಓದುಗರೇ ಯೋಚಿಸಲಿ. ಖುಕ್ರಿ ಮುಳುಗಿದ ಮರುದಿನ, ಡಿಸೆಂಬರ್ 10ರಂದು, ನೌಕಾಪಡೆಯ ಅಲಿಜೆ ವಿಮಾನವೊಂದು ಸಮುದ್ರದ ಮೇಲೆ ಹಾರಾಡುತ್ತಿತ್ತು. ಜಲಾಂತರ್ಗಾಮಿಗಳನ್ನು ಹುಡುಕಲೆಂದೇ ತಯಾರಾದ, ಮೂವರು ಕೂರುವ, ಮುಂದೆ ಪಂಕ ತಿರುಗುವ ಮಂದಗತಿಯ ವಿಮಾನವದು. ಅದರ ಮೇಲೆರಗಿದ್ದು ಮತ್ತೆ ಸ್ಟಾರ್‌ಫೈಟರ್. ಆರು ವರ್ಷಗಳ ಹಿಂದೆ ದೇವಯ್ಯನವರಿಗಿದ್ದ ಎರಡು ಫಿರಂಗಿಗಳೂ ಈ ಮೂವರಿಗೆ ಇರಲಿಲ್ಲ. ಲೆಫ್ಟಿನೆಂಟ್ ಕಮಾಂಡರ್ ಅಶೋಕ್ ರಾಯ್ ಮತ್ತು ಅವರ ಇಬ್ಬರು ಸಂಗಡಿಗರು ಮರಳಲಿಲ್ಲ. ನೆಲದ ಮೇಲೆ ಬಿದ್ದ ವಿಮಾನದ ಚೂರುಗಳನ್ನಾದರೂ ಎಂದಾದರೊಂದು ದಿನ ಯಾರಾದರೂ ಹೆಕ್ಕಿ ತೋರಿಸಬಹುದು. ಕಡಲು ಅಷ್ಟನ್ನೂ ಕೊಡುವುದಿಲ್ಲ.

1971ರ ಯುದ್ಧ ಮುಗಿದಾಗ ಭಾರತದ ವಶದಲ್ಲಿದ್ದ ಪಾಕ್ ಕೈದಿಗಳ ಸಂಖ್ಯೆ ಸುಮಾರು 93 ಸಾವಿರ. ಅವರೆಲ್ಲ ಮನೆಗೆ ಮರಳಿದರು. ನಮ್ಮ ಕಡೆ 54 ಮಂದಿಯ ಒಂದು ಪಟ್ಟಿ ಹಾಗೆಯೇ ಉಳಿಯಿತು. ಅವರು ಪಾಕ್ ಜೈಲುಗಳಲ್ಲಿ ಬದುಕಿದ್ದಾರೆಂದು ಬಂಧುಗಳು ನಂಬಿದರು, ಯಾರೂ ಇಲ್ಲವೆಂದು ಪಾಕಿಸ್ತಾನ ಹೇಳುತ್ತ ಬಂತು. ನೌಕಾ ವೈಮಾನಿಕ ಅಶೋಕ್ ರಾಯ್ ಅವರ ಹೆಸರೂ ಆ ಪಟ್ಟಿಯಲ್ಲಿದೆ. 2007ರಲ್ಲಿ 14 ಮಂದಿ ಬಂಧುಗಳು ಪಾಕಿಸ್ತಾನಕ್ಕೆ ಹೋಗಿ ಜೈಲಿನಿಂದ ಜೈಲಿಗೆ ಅಲೆದರು. ಬರಿಗೈಯಲ್ಲಿ ಬಂದರು. ಯೌವನದಲ್ಲಿ ಬೀಳ್ಕೊಟ್ಟ ಮುಖವನ್ನು 36 ವರ್ಷಗಳ ಬಳಿಕ ಕಂಬಿಗಳ ಹಿಂದೆ ಹುಡುಕುವುದೆಂದರೇನು ಎಂಬುದನ್ನು ಬರೆದು ತಿಳಿಸಲಾಗದು.

ಕಾಣೆಯಾದವನ ಹೆಂಡತಿ ಎಷ್ಟು ಕಾಲ ಕಾಯಬೇಕು? ಇದು ನಮ್ಮ ಶಾಸ್ತ್ರಗ್ರಂಥಗಳಿಗೂ ಹಳೆಯ ಪ್ರಶ್ನೆ. ಅಂಥವನನ್ನು ಮಫ್ಕೂದ್ ಎಂದು ಕರೆದಿದ್ದಾರೆ. ಹನಫೀ ಪಂಡಿತರ ಹಳೆಯ ಅಭಿಪ್ರಾಯದಂತೆ ಅವನ ಸಮವಯಸ್ಕರೆಲ್ಲ ತೀರಿಹೋಗುವಷ್ಟು ಕಾಲ ಆಕೆ ಕಾಯಬೇಕು. ಮಾಲಿಕೀಗಳು ನಾಲ್ಕು ವರ್ಷ ಸಾಕು ಎಂದರು. 1930ರ ದಶಕದ ಆರಂಭದಲ್ಲಿ ಮೌಲಾನಾ ಅಶ್ರಫ್ ಅಲಿ ಥಾನ್ವಿಯವರು, ಸ್ವತಃ ಹನಫೀ ಪಂಡಿತರಾಗಿದ್ದೂ, ಇಂಥ ಹೆಣ್ಣುಮಕ್ಕಳ ಕಷ್ಟವನ್ನು ಮನಗಂಡು ಮಾಲಿಕೀ ಅಭಿಪ್ರಾಯವನ್ನು ಸ್ವೀಕರಿಸಲು ದಾರಿ ತೋರಿಸಿದರು. 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆಯಲ್ಲಿ ಗಂಡನ ಸುಳಿವು ನಾಲ್ಕು ವರ್ಷ ಇಲ್ಲದಿದ್ದರೆ ಎಂಬ ಕಲಮು ಮೊದಲನೆಯ ಕಾರಣವಾಗಿಯೇ ಸೇರಿತು. ದೇಶದ ಸಾಕ್ಷ್ಯ ಕಾನೂನು ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತವನೆಂದು ಭಾವಿಸಬಹುದು ಎನ್ನುತ್ತದೆ. ಶಾಸ್ತ್ರವೂ ಕಾನೂನೂ ಮಾಡಬಲ್ಲುದು ಇಷ್ಟೇ, ಕಾಯುವಿಕೆಗೆ ಒಂದು ಗಡುವು ಹಾಕುವುದು. ಬಾಗಿಲು ತಟ್ಟಿದ ಸದ್ದಾದಾಗ ಏಳುವ ಮನಸ್ಸಿಗೆ ಗಡುವು ಇಲ್ಲ. ಅದಕ್ಕೆ ಬೇಕಾದುದು ಸತ್ಯ. ದುಬೈಗೆ, ಸೌದಿಗೆ ಹೋಗಿ ಸುದ್ದಿಯಿಲ್ಲದಾದ ಗಂಡಂದಿರ ಮನೆಗಳು ನಮ್ಮ ಪಟ್ಟಣಗಳ ಗಲ್ಲಿಗಳಲ್ಲಿಯೂ ಇವೆ. ಆ ಮನೆಯವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಸತ್ಯವನ್ನು ಗಡಿಯಾಚೆಯಿಂದ ತಾನಾಗಿಯೇ ಕಳುಹಿಸಿದವರೂ ಇದ್ದಾರೆ. 1965ರ ಸೆಪ್ಟೆಂಬರ್ 19ರಂದು ಗುಜರಾತಿನ ಮುಖ್ಯಮಂತ್ರಿ ಬಲವಂತರಾಯ್ ಮೆಹ್ತಾ ಅವರಿದ್ದ ನಾಗರಿಕ ವಿಮಾನವನ್ನು ಪಾಕ್ ವಾಯುಸೇನೆಯ ಯುವ ಅಧಿಕಾರಿ ಕೈಸ್ ಹುಸೈನ್ ಹೊಡೆದುರುಳಿಸಿದ್ದರು. ಅದನ್ನು ಹಾರಿಸುತ್ತಿದ್ದವರು ವಾಯುಸೇನೆಯಿಂದ ನಿವೃತ್ತರಾದ ಜಹಾಂಗೀರ್ ಇಂಜಿನಿಯರ್. 46 ವರ್ಷಗಳ ಬಳಿಕ, 2011ರಲ್ಲಿ, ಕೈಸ್ ಹುಸೈನ್ ಆ ಪೈಲಟ್‌ನ ಮಗಳ ವಿಳಾಸವನ್ನು ಹುಡುಕಿ ಪತ್ರ ಬರೆದರು. ಅಂದು ಏನಾಯಿತು, ತಮಗೆ ಬಂದ ಆದೇಶವೇನು ಎಂಬುದನ್ನು ವಿವರಿಸಿ ದುಃಖ ವ್ಯಕ್ತಪಡಿಸಿದರು. ಆಕೆ ಕಹಿಯಿಲ್ಲದೆ ಉತ್ತರಿಸಿದರು. ಇದನ್ನು ದೌರ್ಬಲ್ಯವೆಂದು ಹೀಗಳೆಯುವವರು ಎರಡೂ ದೇಶಗಳಲ್ಲಿದ್ದಾರೆ. ನಮಗೆ ಮಾತ್ರ ಅಮ್ಜದ್ ಹುಸೈನರ ಸೋಲಿನ ಒಪ್ಪಿಗೆಯೂ ಕೈಸ್ ಹುಸೈನರ ಪತ್ರವೂ ಬಂದೂಕಿಗಿಂತ ಹೆಚ್ಚಿನ ಧೈರ್ಯವನ್ನು ಬೇಡುವ ಕೆಲಸಗಳಾಗಿ ಕಾಣುತ್ತವೆ.

ನಮ್ಮ ಸಮುದಾಯದ ಬಗ್ಗೆಯೂ ಒಂದು ಮಾತು ಹೇಳದೆ ಈ ವಿಷಯವನ್ನು ಬಿಡಲಾಗದು. ದೇವಯ್ಯ ಬಿದ್ದ ಮೂರು ದಿನಗಳ ಬಳಿಕ, ಸೆಪ್ಟೆಂಬರ್ 10ರಂದು, ಖೇಮ್‌ಕರಣ್ ರಣರಂಗದಲ್ಲಿ ಹವಾಲ್ದಾರ್ ಅಬ್ದುಲ್ ಹಮೀದ್ ಜೀಪಿನ ಮೇಲೆ ಕಟ್ಟಿದ ಫಿರಂಗಿಯಿಂದ ಪ್ಯಾಟನ್ ಟ್ಯಾಂಕುಗಳನ್ನು ಧ್ವಂಸಗೊಳಿಸಿ ಹುತಾತ್ಮರಾದರು, ಪರಮವೀರ ಚಕ್ರಕ್ಕೆ ಪಾತ್ರರಾದರು. ಸ್ವಾತಂತ್ರ್ಯೋತ್ಸವದಂದು ನಮ್ಮ ಶಾಲೆಗಳ, ನಮ್ಮ ಸಂಘಗಳ ವೇದಿಕೆಗಳಲ್ಲಿ ಈ ಹೆಸರು ತಪ್ಪದೆ ಕೇಳಿಬರುತ್ತದೆ. ಕೇಳಿಬರಲೇಬೇಕು. ಆದರೆ ಆ ಹೆಸರನ್ನು ನಾವು ಉಚ್ಚರಿಸುವ ಧಾಟಿಯನ್ನು ಗಮನಿಸಿದ್ದೀರಾ? ಚೆಕ್‌ಪೋಸ್ಟಿನಲ್ಲಿ ಗುರುತಿನ ಚೀಟಿ ತೋರಿಸುವ ಹಾಗೆ. ನಮ್ಮನ್ನು ಶಂಕಿಸುವವರಿದ್ದಾರೆ, ಆದ್ದರಿಂದ ಚೀಟಿ ಹಿಡಿದು ಓಡಾಡುತ್ತೇವೆ ಎಂಬ ಸಮರ್ಥನೆ ನಮಗೆ ಅರ್ಥವಾಗುತ್ತದೆ. ಆದರೂ ಅದು ಅಬ್ದುಲ್ ಹಮೀದರಿಗೆ ಮಾಡುವ ಗೌರವವಲ್ಲ, ಅವರನ್ನು ನಮ್ಮ ವಕೀಲರನ್ನಾಗಿ ಮಾಡಿಕೊಳ್ಳುವುದು. ಹುತಾತ್ಮರನ್ನು ಸ್ಮರಿಸುವುದೇ ಆದರೆ ನಮ್ಮದೇ ಹೆದ್ದಾರಿಯ ತುದಿಯ ಜಿಲ್ಲೆಯ ದೇವಯ್ಯನವರ ಹೆಸರೂ ಆ ವೇದಿಕೆಯ ಮೇಲೆ ಬರಬೇಕಲ್ಲವೇ? ನೆರೆಯವನ ಸಾವಿಗೆ ಹೋಗುವಾಗ ಯಾರೂ ಚೀಟಿ ಹಿಡಿದು ಹೋಗುವುದಿಲ್ಲ.

ಇನ್ನೊಂದು ತುದಿಯಲ್ಲಿರುವವರು ಯುದ್ಧದ ನೆನಪನ್ನು ನೆರೆಯವನ ಮೇಲಿನ ದ್ವೇಷಕ್ಕೆ ಇಂಧನವಾಗಿಸುತ್ತಾರೆ. ಅವರಿಗೆ ಬೇಕಾದುದು ವೀರನ ಹೆಸರಲ್ಲ, ಶತ್ರುವಿನ ಹೆಸರು. ದೇವಯ್ಯನವರ ಕಥೆಯನ್ನು ಪೂರ್ತಿಯಾಗಿ ಹೇಳಿದರೆ ಅವರಿಗೆ ತೊಡಕಾಗುತ್ತದೆ. ಪೂರ್ತಿ ಕಥೆಯಲ್ಲಿ ಪಾಕ್ ಕಡೆಯ ಒಪ್ಪಿಗೆಯಿಲ್ಲದೆ ಪದಕವಿಲ್ಲ.

ಸಿನಿಮಾ ಮಾಡಿದ್ದೂ ಒಂದು ಬಗೆಯ ಅನ್ಯಾಯವೇ. 2025ರ ಜನವರಿಯಲ್ಲಿ ತೆರೆಕಂಡ ಹಿಂದಿ ಚಿತ್ರ ‘ಸ್ಕೈ ಫೋರ್ಸ್’ಗೆ ಆಧಾರ ಸರ್ಗೋಧಾ ದಾಳಿ ಮತ್ತು ದೇವಯ್ಯನವರ ಬಲಿದಾನ. ಆದರೆ ತೆರೆಯ ಮೇಲಿನ ವೀರನ ಹೆಸರು ಬೇರೆ. ಅವನ ಕೊಡವ ಗುರುತು ಅಲ್ಲಿಲ್ಲ. ಕೊಡವರು ಇದನ್ನು ಪ್ರತಿಭಟಿಸಿದರು. ಹೆಸರಿನಲ್ಲೇನಿದೆ ಎಂದು ಕೆಲವರು ಕೇಳಿದರು. 23 ವರ್ಷ ಹೆಸರಿಲ್ಲದೆ ಇದ್ದವರಿಗೆ, ಕಡೆಗೊಮ್ಮೆ ಹೆಸರು ಸಿಕ್ಕಿದ ಮೇಲೆ, ಕೋಟ್ಯಂತರ ಜನರ ಮುಂದೆ ಮತ್ತೆ ಅದನ್ನು ಕಳಚಿದರೆ ಏನುಳಿಯಿತು? ಮನೆಹೆಸರಿನಿಂದಲೇ ಮನುಷ್ಯನನ್ನು ಗುರುತಿಸುವ ಜನ ಕೊಡವರು. ಅಜ್ಜಮಾಡ ಎಂಬುದು ಅಲ್ಲಿ ಅಲಂಕಾರವಲ್ಲ, ವಂಶದ ಗುರುತು. ತಮ್ಮ ಹೆಸರುಗಳನ್ನು ಕಚೇರಿಯ ಕಾಗದಗಳಲ್ಲಿ ಬಗೆಬಗೆಯಾಗಿ ತಪ್ಪು ಬರೆಸಿಕೊಂಡು, ತಿದ್ದಿಸಲು ಅಲೆದವರಿಗೆ ಈ ನೋವು ಚೆನ್ನಾಗಿ ತಿಳಿದಿದೆ. ಈ ಪ್ರಶ್ನೆಯಲ್ಲಿ ಕೊಡವರ ಜೊತೆ ದನಿಗೂಡಿಸಬೇಕಾದವರಲ್ಲಿ ನಾವು ಮೊದಲಿಗರಾಗಬೇಕಿತ್ತು. ಆಗಲಿಲ್ಲ.

ದೇವಯ್ಯನವರ ದೇಹವನ್ನು ಸರ್ಗೋಧಾಕ್ಕೆ ದೂರವಲ್ಲದ ಕಡೆ ಹಳ್ಳಿಗರು ಕಂಡು, ಹೊಲದಲ್ಲಿಯೇ ಮಣ್ಣು ಮಾಡಿದರೆಂದು ಆಮೇಲಿನ ಬರಹಗಳು ಹೇಳುತ್ತವೆ. ಗುರುತಿಲ್ಲದ, ಅನ್ಯ ಸಮವಸ್ತ್ರದ, ತಮ್ಮ ನೆಲೆಯ ಮೇಲೆ ಬಾಂಬು ಹಾಕಲು ಬಂದಿದ್ದ ಯುವಕ. ರೈತರು ಗುದ್ದಲಿ ತಂದು ಕುಣಿ ತೋಡಿದರು. ಸತ್ತವನಿಗೆ ಸಲ್ಲಬೇಕಾದುದನ್ನು ಸಲ್ಲಿಸಲು ಅವರು ಯಾರ ಆದೇಶಕ್ಕೂ ಕಾಯಲಿಲ್ಲ.

ಭಾರತ ಮತ್ತು ಪಾಕಿಸ್ತಾನಗಳ ನಡುವೆ 2008ರಲ್ಲಿ ಆದ ಒಪ್ಪಂದವೊಂದರ ಪ್ರಕಾರ, ಪ್ರತಿವರ್ಷ ಜನವರಿ 1 ಮತ್ತು ಜುಲೈ 1ರಂದು ಎರಡೂ ಸರಕಾರಗಳು ತಮ್ಮ ಜೈಲುಗಳಲ್ಲಿರುವ ಪರಸ್ಪರರ ಪ್ರಜೆಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳಬೇಕು. ಮೀನುಗಾರರ ಹೆಸರುಗಳೇ ಅದರಲ್ಲಿ ಹೆಚ್ಚು. ಅದೇ ಲಕೋಟೆಯಲ್ಲಿ ಇನ್ನೊಂದು ಹಾಳೆಯನ್ನು ಇಡಲು ಹೊಸ ಒಪ್ಪಂದವೇನೂ ಬೇಕಾಗದು. 1965ರಲ್ಲಿ, 1971ರಲ್ಲಿ ತಮ್ಮ ನೆಲದ ಮೇಲೆ ಸತ್ತು, ತಮ್ಮವರು ಹೂತ ಆ ಕಡೆಯ ಸೈನಿಕರ ಸಮಾಧಿಗಳು ಎಲ್ಲಿವೆ ಎಂಬ ಹಾಳೆ. ಭಾರತವೂ ಅದನ್ನು ತುಂಬಲಿ, ಪಾಕಿಸ್ತಾನವೂ ತುಂಬಲಿ. ಪಾಕಿಸ್ತಾನದ ಹಾಳೆಯ ಮೊದಲ ಸಾಲಿನಲ್ಲಿ ಸರ್ಗೋಧಾ ಸೀಮೆಯ ಆ ಹಳ್ಳಿಯ ಹೆಸರನ್ನೂ, ಹೊಲದ ಗುರುತನ್ನೂ ಬರೆಯಬಹುದು.